ಕಂಚಿಗೆ ಬೆಳ್ಳಿ ಬಳಿದ ಮಗನಿಗೆ

ಸ್ಟರ್ಲಿಂಗ್
ಏಪ್ರಿಲ್ 16, 2024

ಮಗನೇ ವಕಾರ್,

ಸಲಾಮು, ಆಶೀರ್ವಾದ ಎರಡೂ ಇವೆ. ಆದರೆ ಮೊದಲು ಬೈಗುಳ ಮುಗಿಸುತ್ತೇನೆ. ವಾಟ್ಸಾಪಿನಲ್ಲಿ ಬೈದರೆ ನೀನು ಹೆಬ್ಬೆರಳು ತೋರಿಸಿ ಮೀಟಿಂಗಿಗೆ ಹೋಗುತ್ತೀಯ. ಉರ್ದುವಿನಲ್ಲಿ ಬೈದರೆ ಕವ್ವಾಲಿ ಕೇಳಿದವನಂತೆ ತಲೆದೂಗುತ್ತೀಯ. ಅದಕ್ಕೇ ಕನ್ನಡದಲ್ಲಿ, ಕಾಗದದ ಮೇಲೆ. ಶಿವಾಜಿನಗರದಲ್ಲಿ ಮೂವತ್ತು ವರ್ಷ ಕನ್ನಡ ಟೀಚರ್ ಆಗಿದ್ದವಳು ನಾನು, ನಿನ್ನ ಅಕ್ಷರವನ್ನೂ ತಿದ್ದಿದವಳು. ಕೂತು ಪೂರ್ತಿ ಓದು.

ಈದ್‌ಗೆಂದು ಷಾರ್ಲೆಟ್‌ಗೆ ಬಂದವಳು, ತಲೆನೋವು ಎಂದು ಹೇಳಿ ಮಾರನೆಯ ದಿನವೇ ನಿನ್ನ ಅಕ್ಕ ಮುನೀಬಾಳ ಕಾರು ಹತ್ತಿ ಇಲ್ಲಿ ಅವಳ ಮನೆಗೆ ವಾಪಸ್ಸು ಬಂದೆನಲ್ಲ, ನನಗೆ ಯಾವ ತಲೆನೋವೂ ಇರಲಿಲ್ಲ. ನಿನ್ನ ಲಿವಿಂಗ್ ರೂಮಿನ ಗಾಜಿನ ಡಬ್ಬಿ ನೋಡಿ ಹೊಟ್ಟೆ ಉರಿದುಹೋಗಿತ್ತು.

ನನ್ನ ಅಜ್ಜನಿಗೆ ಬೋಯರ್ ಯುದ್ಧದಲ್ಲಿ ಸಿಕ್ಕ ಪದಕ ಅದು. ನಾನು ನಿನ್ನ ಕೈಗೆ ಕೊಟ್ಟಾಗ ಕಂಚಿನದು, ಹಳೇ ಹುಣಸೆಹಣ್ಣಿನ ಬಣ್ಣ. ಈಗ ನೋಡಿದರೆ ಮಿರಮಿರ ಬೆಳ್ಳಿ! ಪಕ್ಕದಲ್ಲಿ, ನಿಮ್ಮೂರ ಲೈಬ್ರರಿಯ ಪ್ರದರ್ಶನಕ್ಕೆಂದು ನೀನು ಟೈಪ್ ಮಾಡಿಟ್ಟ ಚೀಟಿ: ಕ್ಯಾಪ್ಟನ್ ಇನಾಯತುಲ್ಲಾ ಖಾನ್, ಬ್ರಿಟಿಷ್ ಅಶ್ವದಳ, ಬೆಳ್ಳಿ ಪದಕ. ಅಯ್ಯೋ ನಿನ್ನ! ಅಜ್ಜ ಕ್ಯಾಪ್ಟನ್ ಆದದ್ದು ಯಾವಾಗ? ಹೆಸರಿನ ಬಾಲಕ್ಕೆ ಖಾನ್ ಎಲ್ಲಿಂದ ಬಂದ?

ಕೇಳಿದರೆ ಏನಂದೆ? "ಅಮ್ಮಿ, ಸುಮ್ನೆ ಸಿಲ್ವರ್ ಪ್ಲೇಟಿಂಗ್ ಮಾಡಿಸ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ. ಭಿಸ್ತಿ ಅಂದ್ರೆ ಇಲ್ಲಿ ಯಾರಿಗೆ ಅರ್ಥ ಆಗತ್ತೆ? ಆಫೀಸಿನವ್ರೆಲ್ಲ ಬರ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಅರ್ಥವಾಗದಿದ್ದರೆ ಬಿಡಿಸಿ ಹೇಳು. ಭಿಸ್ತಿ ಎಂದರೆ ಚರ್ಮದ ಚೀಲದಲ್ಲಿ ನೀರು ಹೊರುವವನು. ಬೆಂಗಳೂರಿನ ದಂಡಿನಿಂದ ಗೋರರ, ಅಂದರೆ ಬಿಳಿಯರ, ಕುದುರೆ ಪಡೆಯ ಹಿಂದೆ ಹಡಗು ಹತ್ತಿದಾಗ ಅಜ್ಜನಿಗೆ ಮೀಸೆ ಚಿಗುರಿತ್ತಷ್ಟೆ. ಆಫ್ರಿಕದ ಲೇಡಿಸ್ಮಿತ್ ಎಂಬ ಊರಿನೊಳಗೆ ಇಂಗ್ಲಿಷರು, ಸುತ್ತಲ ಗುಡ್ಡಗಳ ಮೇಲೆ ಅವರನ್ನು ಮುತ್ತಿದ ಬೋಯರರು. ಬೋಯರರೂ ಬಿಳಿಯರೇ, ಹಿಂದೆಂದೋ ಹಾಲೆಂಡ್ ಕಡೆಯಿಂದ ಹೋಗಿ ನೆಲೆಸಿದ ರೈತರು. ಇಬ್ಬರೂ ಬಡಿದಾಡಿದ್ದು ಯಾರ ನೆಲಕ್ಕೆ? ಮೊದಲಿಂದ ಅಲ್ಲಿದ್ದ ಜುಲುಗಳಂಥವರ ನೆಲಕ್ಕೆ! ಇದನ್ನು ನಮ್ಮ ಮನೆತನದ ಶೌರ್ಯ ಎಂದು ಗಾಜಿನೊಳಗೆ ಇಡುತ್ತೀಯಲ್ಲ, ನಾಚಿಕೆಯಾಗಬೇಕು ನಿನಗೆ.

ಫಿರಂಗಿ ಸಿಡಿಯುತ್ತಿದ್ದರೂ ಸಿಪಾಯಿಗಳಿಗೆ ಬಾಯಾರುತ್ತದೆ. ಹೊಳೆಗಿಳಿದು ಚೀಲ ತುಂಬಿ ತರುತ್ತಿದ್ದವನು ಅಜ್ಜ. ಕೈಯಲ್ಲಿ ಒಂದು ದೊಣ್ಣೆಯೂ ಇರಲಿಲ್ಲ. ಒಂದು ದಿನ, ಗುಂಡಿನ ಚೂರು ತಗುಲಿ ಬಿದ್ದಿದ್ದ ಜುಲು ಗಾಡಿಯವನೊಬ್ಬ ನೀರು ಕೇಳಿದ. ಇಪ್ಪತ್ತು ವರ್ಷದ ಹಿಂದೆ ಇದೇ ಇಂಗ್ಲಿಷರು ಜುಲುಗಳ ಮೇಲೆ ಯುದ್ಧಕ್ಕೆ ಹೋದಾಗ ಅವನ ಅಪ್ಪ ಸತ್ತಿದ್ದನಂತೆ. ಮಗ ಹೊಟ್ಟೆಪಾಡಿಗೆ ಅವರದೇ ಗಾಡಿ ಹೊಡೆಯುತ್ತಿದ್ದ. ಅಜ್ಜ ಚೀಲದ ಬಾಯಿ ಬಿಚ್ಚಿದ. ಸಾರ್ಜೆಂಟನೊಬ್ಬ ಓಡಿ ಬಂದು, ನೀರು ಮೊದಲು ಬಿಳಿಯರಿಗೆ ಎಂದು ಬೂಟುಗಾಲಲ್ಲಿ ಅಜ್ಜನ ಪಕ್ಕೆಗೆ ಒದ್ದ. ಅಜ್ಜ ಎದ್ದು, ಗಾಡಿಯವನು ಕುಡಿದು ಮುಗಿಸುವವರೆಗೂ ಚೀಲ ಹಿಡಿದೇ ನಿಂತ. ಆ ಪಕ್ಕೆ ನೋವು ಸಾಯುವವರೆಗೂ ಹೋಗಲಿಲ್ಲ. ಚಿಕ್ಕವಳಿದ್ದಾಗ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ನಾನೇ.

ಆಮೇಲೆ ಪದಕ ಬಂತು. ಗೋರ ಸಿಪಾಯಿಗೆ ಬೆಳ್ಳಿಯದು. ನೀರು ಹೊತ್ತವನಿಗೆ, ಕುದುರೆ ತಿಕ್ಕಿದವನಿಗೆ, ಬಟ್ಟೆ ಒಗೆದವನಿಗೆ ಕಂಚಿನದು. ಎರಡರ ಮೇಲೂ ಇಂಗ್ಲಿಷರ ಅದೇ ರಾಣಿಯ ಮುಖ, ಅದೇ ಯುದ್ಧ! ಆ ಗಾಡಿಯವನಿಗೆ ಅದೂ ಇಲ್ಲ. ಅವರು ಮಾಡಿದ ಅವಮಾನಕ್ಕೆ ಆ ಕಂಚೇ ಸಾಕ್ಷಿ ಕಣೋ. ಇಷ್ಟು ವರ್ಷ ನಾವು ಜೋಪಾನ ಮಾಡಿದ್ದನ್ನು ನೀನು ಯಾವುದೋ ಮಾಲಿನ ಅಂಗಡಿಯಲ್ಲಿ ಮುಚ್ಚಿಹಾಕಿಸಿದೆ.

ನಿನ್ನ ಆಫೀಸಿನಲ್ಲಿ ನಿನ್ನಂಥ ಕಾಂಟ್ರಾಕ್ಟ್ ನೌಕರರಿಗೆ ಬೇರೆ ಬಣ್ಣದ ಬ್ಯಾಡ್ಜ್ ಕೊಡುತ್ತಾರೆ ಎಂದು ಮೊದಲ ವರ್ಷವೆಲ್ಲ ಕೂಗಾಡಿದವನು ನೀನೇ ಅಲ್ಲವೇ? ಆಗ ಬ್ಯಾಡ್ಜಿಗೆ ಬಣ್ಣ ಬಳಿದುಕೊಂಡೆಯಾ? ಇಲ್ಲ, ಮ್ಯಾನೇಜರನ ಎದುರು ನಿಂತು ಜಗಳವಾಡಿದೆ. ಅವತ್ತು ನಿನ್ನನ್ನು ನೋಡಿ ನನಗೆ ಅಜ್ಜನ ನೆನಪಾಗಿತ್ತು.

ಇನ್ನೊಂದನ್ನು ಬರೆಯಲು ಕೈಯೇ ಬರುತ್ತಿಲ್ಲ. ಪದಕದ ಅಂಚಿನಲ್ಲಿ ಅಜ್ಜನ ಹೆಸರನ್ನೂ ಕೆಲಸವನ್ನೂ ಕೊರೆದಿದ್ದರು. ಉಗುರಿನಿಂದ ಸವರಿ ನೋಡಿದೆ, ನುಣ್ಣಗಿತ್ತು. ಬೆಳ್ಳಿ ಹಿಡಿಯಲೆಂದು ಅಂಗಡಿಯವನು ಉಜ್ಜಿ ಅಳಿಸಿದ್ದಾನೆ. ಅಜ್ಜನ ಒಂದು ಫೋಟೋ ಇಲ್ಲ, ಗೋರಿಯ ಮೇಲೆ ಕಲ್ಲಿಲ್ಲ. ಅವನ ಹೆಸರು ಉಳಿದಿದ್ದ ಜಾಗ ಅದೊಂದೇ ಆಗಿತ್ತು, ವಕಾರ್. ನಿನ್ನ ಮಗಳು ರುಮಾನಾ ನನ್ನ ಸೆರಗು ಹಿಡಿದು, "ದಾದಿ, ನೇಮ್ ಎಲ್ಲಿ ಹೋಯ್ತು?" ಎಂದು ಕೇಳಿದಳು. ನಿಮ್ಮಪ್ಪನಿಗೆ ನಾಚಿಕೆಯಾಯಿತು ಎನ್ನಲೇ? ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈ ತಿಂಗಳ ಕೊನೆಯ ಶನಿವಾರ ಪ್ರದರ್ಶನ ಎಂದಿದ್ದೀಯ. ಆ ಚೀಟಿ ಹರಿದು ಹಾಕಿ ಹೊಸದು ಬರೆ: ಭಿಸ್ತಿ ಇನಾಯತುಲ್ಲಾ, ನೀರು ಹೊತ್ತವನು, ಕಂಚಿನ ಪದಕ. ಬರೆಯದಿದ್ದರೆ ನಾನೇ ಅದರ ಮುಂದೆ ನಿಂತು ನಿನ್ನ ಆಫೀಸಿನವರಿಗೆಲ್ಲ ಹೇಳುತ್ತೇನೆ. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಅವರಿಗೆ ಅರ್ಥವಾಗುವವರೆಗೂ ಬಿಡುವವಳಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಫ್ರೀಜರಿನಲ್ಲಿಟ್ಟು ಬಂದ ಶೀರ್ ಖುರ್ಮಾ ಪಾಯಸ ಕೆಡಿಸಬೇಡ.

ಸಿಟ್ಟು ಇನ್ನೂ ಇಳಿಯದ ನಿನ್ನ ಅಮ್ಮಿ,
ಭಿಸ್ತಿಯ ಮೊಮ್ಮಗಳು
ಮಕ್ಸೂದಾ

ಮರೆತಿದ್ದೆ: ನೀನು ಇನ್ನೂ ಆ ಗಾಜಿನ ಡಬ್ಬಿಯ ಹತ್ತಿರ ಹೋಗಿ ನೋಡಿದಂತಿಲ್ಲ. ಅದರಲ್ಲಿ ಪದಕದ ರಿಬ್ಬನ್ನಿಗೆ ನಾನು ಅಂಟಿಸಿರುವುದು ರುಮಾನಾ ಕೊಟ್ಟ ಬೆಳ್ಳಿ ಕಾಗದದ ಚಾಕೊಲೇಟ್ ನಾಣ್ಯ. ಪದಕ ನನ್ನ ಪರ್ಸಿನಲ್ಲಿ ಸ್ಟರ್ಲಿಂಗಿಗೆ ಬಂತು. ಇಲ್ಲಿ ಬೆಳ್ಳಿ ತೆಗೆಸಿದೆ, ಆದರೆ ಹಳೆಯ ಹೆಸರು ಮರಳಲಿಲ್ಲ. ಹಾಗಾಗಿ ಕಾಗದದ ಮೇಲೆ ನಾನೇ ಕನ್ನಡದಲ್ಲಿ ಬರೆದುಕೊಟ್ಟೆ, ಅಂಗಡಿಯ ಮಷೀನು ನನ್ನ ಕೈಬರಹವನ್ನೇ ಅಂಚಿನಲ್ಲಿ ಕೊರೆಯಿತು. ಶನಿವಾರ ತರುತ್ತೇನೆ. ರುಮಾನಾಳಿಗೆ ಫೋನಿನಲ್ಲಿ ದಿನವೂ ಅಕ್ಷರ ಹೇಳಿಕೊಡುತ್ತಿದ್ದೇನೆ. ಭಿಸ್ತಿ ಓದುವಷ್ಟು ಬಂದಿದೆ, ಇನಾಯತುಲ್ಲಾ ಬಾಕಿಯಿದೆ. ಲೈಬ್ರರಿಯಲ್ಲಿ ಎಲ್ಲರ ಮುಂದೆ ಅವಳೇ ಓದುತ್ತಾಳೆ. ನೀನು ಅವಳ ಪಕ್ಕದಲ್ಲಿ ನಿಂತಿರು.