ಕಲ್ಲುಕಟ್ಟಡದ ಬಾಣಂತನ

ನೆಲದಡಿಯ ಹುಬ್ಬಳ್ಳಿ
ಬಿರುಬಿಸಿಲ ಮಾಸದ ನಲವತ್ತೊಂದನೆಯ ತಾರೀಖು, ತಂಪಿನ ಶಕೆ ೧೧೪

ಹೊಸಮನಿ ಅಕ್ಕಾರಿಗೆ ನಮಸ್ಕಾರ.

ತಿಂಗಳಿಗೆ ನಲವತ್ತೊಂದು ದಿನ ಎಲ್ಲಿಯದು ಎಂದು ನೀವು ನಗಬಹುದು. ಬಿಸಿಲು ಇಳಿಯುವ ತನಕ ನಾವು ಆ ತಿಂಗಳನ್ನು ಮುಗಿಸುವುದಿಲ್ಲ, ಅಷ್ಟೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಹಳಗನ್ನಡವೆಂದು ನಾನು ಓದಿದ್ದು ನಿಮ್ಮ ಕಾಲದ ಕನ್ನಡವನ್ನೇ. ಪರೀಕ್ಷೆಯಲ್ಲಿ ಪಾಸಾದೆ, ಅದರಲ್ಲಿ ಪತ್ರ ಬರೆಯುತ್ತಿರುವುದು ಇದೇ ಮೊದಲು. ಸಾಲದ್ದಕ್ಕೆ ಎರಡು ಹಗಲಿನಿಂದ ಕಣ್ಣು ಮುಚ್ಚಿಲ್ಲ.

ಹಗಲು ಎಂದೇ ಬರೆದೆ, ತಪ್ಪಲ್ಲ. ನಾವು ಮಲಗುವುದು ಹಗಲಿಗೆ. ಬೆಳಗ್ಗೆ ಬಿಸಿಲುಗಂಟೆ ಬಾರಿಸಿದೊಡನೆ ಊರಿಗೆ ಊರೇ, ಹಳೆಯ ರೈಲ್ವೆ ಸ್ಟೇಷನ್ನಿನ ಅಡಿಯಲ್ಲಿ ನೀವೀಗ ತೋಡುತ್ತಿರುವ ಆ ಮೆಟ್ರೊ ನಿಲ್ದಾಣಕ್ಕೆ ಇಳಿಯುತ್ತದೆ. ರೈಲು ನಿಂತು ನಮ್ಮಜ್ಜಿಯ ಕಾಲಕ್ಕೇ ಎಷ್ಟೋ ವರ್ಷವಾಗಿತ್ತಂತೆ. ಹಳಿಗಳಿದ್ದಲ್ಲಿ ನೀರಿನ ತೊಟ್ಟಿಗಳಿವೆ. ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ಗಂಡಸರು ಮತ್ತು ವಯಸ್ಸಾದವರು, ಎರಡನೆಯದರಲ್ಲಿ ತೊಟ್ಟಿಲಸಾಲು, ಎಂದರೆ ಎಳೆಗೂಸುಗಳೂ ತಾಯಂದಿರೂ ಮಲಗುವ ಜಾಗ. ನಿಮ್ಮವರು ಅಂಚಿಗೆ ಬಳಿದ ಹಳದಿ ಗೆರೆಯ ಆಚೆಗೆ ಯಾರೂ ತೊಟ್ಟಿಲು ಕಟ್ಟುವುದಿಲ್ಲ. ಏಕೆಂದು ಯಾರಿಗೂ ಗೊತ್ತಿಲ್ಲ, ಆದರೂ ಕಟ್ಟುವುದಿಲ್ಲ.

ನನ್ನ ಮಗಳು ಮುಗಿಲಿಗೆ ಐದು ತಿಂಗಳು. ಈಗ ಹೆಣ್ಣುಕೂಸಿಗೆ ಮೋಡದ ಹೆಸರಿಡುವುದು ವಾಡಿಕೆ. ಅವಳು ಚೆನ್ನಾಗಿಯೇ ಮಲಗುತ್ತಾಳೆ. ಮಲಗದವಳು ನಾನು. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ, ಬೆರಳು ತೆಗೆದ ಕೂಡಲೇ ಮತ್ತೆ ಅನುಮಾನ. ಸಾಲನ್ನು ನೋಡಿಕೊಳ್ಳುವ ತೊಟ್ಟಿಲವ್ವ ಬಸಲಿಂಗವ್ವ ನಿನ್ನೆ ಕೇಳಿಯೇ ಬಿಟ್ಟಳು: "ನೀ ಎಣಿಸಲಿಲ್ಲಂದ್ರ ನಿನ್ನ ಕೂಸು ಉಸರಾಡೂದು ಮರೀತದೇನವಾ?" ಪಕ್ಕದ ಹಾಸಿಗೆಯ ಗುರುಸಿದ್ಧಿ ಮಗ್ಗುಲಾಗುತ್ತ, "ವೈನಿ, ನಿಮ್ಮ ಪಾಲಿನ ನಿದ್ದಿನೂ ನನಗ ಬಂದಂಗ ಕಾಣತದ ನೋಡ್ರಿ" ಎಂದು ನಕ್ಕು, ನಗು ಮುಗಿಯುವ ಮೊದಲೇ ಗೊರಕೆ ಹೊಡೆದಳು. ಎದ್ದು ಅವಳ ಮೂಗು ಹಿಂಡಬೇಕು ಅನಿಸಿತು.

ಅನಿಸಲು ಕಾರಣವೂ ಇದೆ. ಮೂರು ಹಗಲು ನಿದ್ದೆ ಮಾಡದ ತಾಯಿ ಕೂಸನ್ನು ಕೈಜಾರಿ ಬೀಳಿಸಿಯಾಳು ಎಂದು, ಅದನ್ನು ಒಂದು ತಿಂಗಳ ಮಟ್ಟಿಗೆ ಬೇರೊಬ್ಬಳಿಗೆ ಒಪ್ಪಿಸುತ್ತಾರೆ. ನಾವದನ್ನು ಪರಮಡಿಲು ಎನ್ನುತ್ತೇವೆ. ಇಂದು ನನ್ನ ಮೂರನೆಯ ಹಗಲು. ಸಂಜೆಯ ಗಂಟೆಯೊಳಗೆ ನಿದ್ದೆ ಹತ್ತದಿದ್ದರೆ ಮುಗಿಲಿ ಹೋಗುವುದು ಗುರುಸಿದ್ಧಿಯ ಮಡಿಲಿಗೇ.

ನಿಮ್ಮ ಪರಿಚಯವಾದದ್ದು ಮೊನ್ನೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತ ಮೇಲಿನ ಮೆಟ್ಟಿಲ ಪಕ್ಕದ ಓಣಿಗೆ ಹೋದೆ. ಅಲ್ಲಿ ಹಳೆಯ ಸ್ಟೇಷನ್ ಕಟ್ಟಡದ ಅಡಿಪಾಯದ ಕಲ್ಲುಗೋಡೆ ಕಾಣುತ್ತದೆ. ಪ್ರತಿ ಬಿರುಕಿನ ಮೇಲೂ ಅಡ್ಡಲಾಗಿ ಒಂದು ಗಾಜಿನ ತುಂಡು ಅಂಟಿಸಿದೆ. ಪಕ್ಕದಲ್ಲಿ ಸೀಸದಕಡ್ಡಿಯ ಬರಹ: ಚಾಡಿಗಾಜು ಒಂದು, ಚಾಡಿಗಾಜು ಎರಡು, ಹೀಗೆ ಇಪ್ಪತ್ತನಾಲ್ಕರ ತನಕ. ಬಿರುಕು ಕೂದಲೆಳೆಯಷ್ಟು ಬಾಯಿಬಿಟ್ಟರೂ ಗಾಜು ಒಡೆದು ಗೋಡೆಯ ಮೇಲೆ ಚಾಡಿ ಹೇಳುತ್ತದೆ ಎಂದು ನಿಮ್ಮವರು ಇಟ್ಟ ಹೆಸರಿರಬೇಕು. ಎಲ್ಲವೂ ನೆಲದಿಂದ ಎರಡು ಮೊಳ ಎತ್ತರಕ್ಕೆ, ನೂಲು ಹಿಡಿದಂತೆ ಒಂದೇ ಸಾಲಿನಲ್ಲಿವೆ. ಹದಿನೇಳನೆಯದು ಮಾತ್ರ ಒಂದು ಗೇಣು ಮೇಲಿದೆ. ಪ್ರತಿಯೊಂದರ ಕೆಳಗೆ ದಿನಕ್ಕೆ ಮೂರು ಸಲ ತಾರೀಖು, ನಿಮ್ಮ ಹೆಸರು, ಮತ್ತು ಒಂದೇ ಮಾತು: ಬದಲಿಲ್ಲ. ಬದಲಿಲ್ಲ. ಬದಲಿಲ್ಲ.

ಅಕ್ಕಾರ, ಆ ಮಾತನ್ನು ಓದಿ ನನ್ನ ಹೊಟ್ಟೆ ಉರಿಯಿತು. ನೋಡಿದಿರಿ, ಬರೆದಿರಿ, ನಂಬಿದಿರಿ, ಹೋದಿರಿ. ನನಗೆ ಅಂಥ ಗಾಜು ಯಾರು ಕೊಟ್ಟರು?

ಅದಕ್ಕಿಂತ ಉರಿದದ್ದು ಆ ಗೋಡೆಯನ್ನು ಕಂಡು. ಅದರ ಸೊಂಟಕ್ಕೆ ನೀವು ಬಿಗಿದ ಕಬ್ಬಿಣದ ಪಟ್ಟಿ ಇನ್ನೂ ಇದೆ, ಬಾಣಂತಿಗೆ ಸೀರೆ ಸುತ್ತಿದಂತೆ. ಮೆಲ್ಲಗೆ ಹೋಗಿ, ಹಾರ್ನ್ ಹಾಕಬೇಡಿ ಎಂಬ ತಗಡು ಇನ್ನೂ ನೇತಾಡುತ್ತಿದೆ, ಕಿವಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟಿದ ಹಾಗೆ. ಅದರ ಬುಡ ತೋಡುವ ಮೊದಲು ಊರುಗೋಲು ಕೊಟ್ಟಿರಿ, ದಿನಕ್ಕೆ ಮೂರು ಸಲ ಬಂದು ಮೈ ಮುಟ್ಟಿ ವಿಚಾರಿಸಿದಿರಿ. ಒಂದು ಕಲ್ಲುಕಟ್ಟಡಕ್ಕೆ ಅಷ್ಟು ಜನ ಸೇರಿ ಬಾಣಂತನ ಮಾಡಿದಿರಿ. ನನಗೆ ಬಾಣಂತನವೇ ಆಗಲಿಲ್ಲ. ನನ್ನವ್ವ ಇರುವುದು ಗದಗದಲ್ಲಿ. ಈ ಬಿಸಿಲಿನಿಂದಾಗಿ ದಾರಿ ತೆರೆಯುವುದು ವರ್ಷಕ್ಕೆ ಇಪ್ಪತ್ತೇ ದಿನ, ಮುಗಿಲಿ ಹುಟ್ಟಿದ್ದು ದಾರಿ ಮುಚ್ಚಿದ ಮೂರನೆಯ ದಿನ. ಎಣ್ಣೆ ಹಚ್ಚುವ ಕೈ ಆ ಕಡೆಯೇ ಉಳಿಯಿತು. ಕಲ್ಲಿನ ಮೇಲೆ ಹೊಟ್ಟೆಕಿಚ್ಚುಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಹದಿನೇಳರ ಕೆಳಗಿನ ಬರಹ ಓದಿದ್ದು ನಿನ್ನೆ. ಜೂನ್ ೧೪, ಮಧ್ಯಾಹ್ನ. "ಗಾಜು ಒಡೆದಿದೆ. ಕೆಲಸ ನಿಲ್ಲಿಸಬೇಡಿ. ಒಡೆದದ್ದು ಗೋಡೆಯಲ್ಲ, ನಾನು. ಒರಗಿ ಕುಳಿತಿದ್ದೆ, ನಿದ್ದೆ ಹತ್ತಿತು, ತಲೆ ತಾಗಿತು. ರು. ಹೊಸಮನಿ." ಅದರ ಕೆಳಗೆ ಸುಣ್ಣದಲ್ಲಿ, ಗೌಂಡಿಯದಿರಬೇಕು, ದಪ್ಪ ಅಕ್ಷರ: "ಗ್ವಾಡಿ ಗಟ್ಟಿ ಐತ್ರಿ ಅಕ್ಕಾರ, ಕುಸಿದಾವ್ರು ನೀವ."

ನಗು ಬಂತು. ಮರುಕ್ಷಣವೇ ನಿಮ್ಮ ಮೇಲೆ ಎಂದೂ ಇಲ್ಲದ ಹೊಟ್ಟೆಕಿಚ್ಚು. ಬೀಳುತ್ತದೋ ಏನೋ ಎಂದು ಊರೆಲ್ಲ ಹೆದರಿದ್ದ ಗೋಡೆ ಅದು. ಅದಕ್ಕೇ ತಲೆ ಕೊಟ್ಟು, ಹಾಡಹಗಲು, ಗಾಜು ಒಡೆಯುವಷ್ಟು ಗಾಢವಾಗಿ ಮಲಗಿದಿರಲ್ಲ. ಯಾವ ಧೈರ್ಯ ಅದು? ನನಗೆ ಒಂದು ಹಗಲಿನಷ್ಟು ಕೊಡಬಾರದೆ?

ಆದ್ದರಿಂದ ಒಂದೇ ಕೋರಿಕೆ. ಈ ಪತ್ರವನ್ನು ಹದಿನೇಳರ ಬಿರುಕಿನೊಳಗೆ ತುರುಕುತ್ತೇನೆ. ಬದಲಿಲ್ಲ ಎಂದು ನೀವೇ ಬರೆದಿರುವುದರಿಂದ ನಿಮ್ಮ ಬಿರುಕೂ ನನ್ನ ಬಿರುಕೂ ಒಂದೇ. ಅಂದು ಸಂಜೆ ಹೊಸ ಗಾಜು ಅಂಟಿಸಲು ಬಂದಾಗ ನಿಮಗೆ ಸಿಗಬೇಕು. ಆ ಗಾಜನ್ನು ಹಳೆಯ ಜಾಗದಲ್ಲಿ ಅಂಟಿಸಬೇಡಿ. ಅದೇ ಬಿರುಕಿನ ಮೇಲೆ, ಒಂದು ಗೇಣು ಮೇಲಕ್ಕೆ ಅಂಟಿಸಿ. ಕೆಳಗೆ ಒಂದು ತಲೆ ಒರಗುವಷ್ಟು ಕಲ್ಲು ಖಾಲಿ ಬಿಡಿ. ಬಿಟ್ಟಿದ್ದೀರಿ, ಕಣ್ಣಾರೆ ಕಂಡಿದ್ದೇನೆ. ಆದರೂ ನಾನು ಕೇಳದಿದ್ದರೆ ಎಲ್ಲಿ ಮರೆತುಬಿಡುತ್ತೀರೋ ಎಂಬ ಭಯ. ನನ್ನ ಸ್ವಭಾವವೇ ಹಾಗೆ.

ಮುಗಿಲಿಯನ್ನು ಸೆರಗಿನಿಂದ ಎದೆಗೆ ಕಟ್ಟಿಕೊಂಡಿದ್ದೇನೆ. ಈಗ ಅಲ್ಲಿಗೇ ಹೋಗಿ ಕೂರುತ್ತೇನೆ. ಎಚ್ಚರವಾದ ಮೇಲೆ ಎಷ್ಟು ತಾಸು ಮಲಗಿದೆನೆಂದು ಸುಣ್ಣದ ಅಕ್ಷರದ ಕೆಳಗೆ ಬರೆದಿಡುತ್ತೇನೆ. ಈ ಸಲ ನೀವು ಹೊಟ್ಟೆಕಿಚ್ಚುಪಡಿ.

ಮುಗಿಲಿಯ ತಾಯಿ,
ಚನ್ನಾಂಬಿಕೆ