ಮುನಿಸಿಕೊಂಡ ಮಾವನಿಗೊಂದು

ಮನೆಯಿಂದ,
ಬುಧವಾರ, ಊಟ ಮುಗಿಸಿ ಕೂತ ಹೊತ್ತು

ಪ್ರೀತಿಯ ಮರಿ,

ಹೇಗಿದ್ದೀಯೋ? ಆ ಹೊಸ ಊರಿನ ನೀರು ಒಗ್ಗಿತಾ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕೇಳಿದರೆ ಧೂಳು ಅಂದೆ. ಮರದ ಪುಡಿಯಲ್ಲೇ ಅಂಬೆಗಾಲಿಟ್ಟವನು ನೀನು, ಆಗ ಬಾರದ ಕೆಮ್ಮು ಈಗ ಧೂಳಿಗೆ ಬಂತಾ? ಬಿಸಿನೀರು ಕುಡಿ. ಯೂನಿಫಾರ್ಮ್ ಒಳಗೆ ಸ್ವೆಟರ್ ಹಾಕ್ಕೋ, ಮೇಲೆ ಕಾಣದಿದ್ದರೆ ಯಾರೂ ಏನೂ ಅನ್ನಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡು ತಿನ್ನಬೇಡ. ನನ್ನ ವಿಷಯ ಏನು ಹೇಳಲಿ, ಮಂಡಿನೋವು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ಇಬ್ಬರೂ ಹೊಂದಿಕೊಂಡು ಹೋಗ್ತಾ ಇದ್ದೇವೆ.

ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ಆ ಮಾತು ತೆಗೆದಾಗಲೆಲ್ಲ "ಅಮ್ಮ, ಅದೊಂದು ಬಿಟ್ಟು ಬೇರೆ ಏನಾದರೂ ಹೇಳು" ಅಂತ ಕಟ್ ಮಾಡುತ್ತೀಯಲ್ಲ, ಅದಕ್ಕೆ. ಕಾಗದವನ್ನಾದರೆ ಕೊನೇತನಕ ಓದುತ್ತೀಯ. ಹಠಮಾರಿಯಾದರೂ ನನ್ನ ಕೈಬರಹ ಹರಿದು ಹಾಕುವಷ್ಟು ಕಲ್ಲು ಮನಸ್ಸಿನವನಲ್ಲ ನೀನು. ಹಾಗಂತ ಇವತ್ತಿಗೂ ನಂಬಿದ್ದೇನೆ.

ಮೊದಲು ಮನೆ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮಪ್ಪ ಹೋದ ಮೇಲೆ ಮರಗೆಲಸವನ್ನೆಲ್ಲ ನನ್ನ ತಮ್ಮನೇ ನೋಡಿಕೊಳ್ಳುವುದು ಅಂತ ಆಯಿತಲ್ಲ, ನಿನ್ನ ಸೋದರಮಾವ ಈಗಲೂ ಹಾಗೇ ಇದ್ದಾನೆ. ಮೂಗಿನ ತುದಿಯಲ್ಲಿ ಸಿಟ್ಟು, ತುಟಿ ಮೇಲೆ ಬೀಗ. ಹೋದ ತಿಂಗಳು ಪುಸ್ತಕದ ಅಂಗಡಿಯವರು ಮೇಜು ಅಲ್ಲಾಡುತ್ತೆ ಅಂದರು. ಇವನು ಹೋಗಿ ನೋಡಿ, ಮೇಜು ಸರಿಯಾಗಿದೆ, ನಿಮ್ಮ ನೆಲ ಡೊಂಕು ಅಂತ ಹೇಳಿ ಬಂದ. ಅದಾದ ಮೇಲೆ ಮೂರು ಹೊತ್ತೂ ಮುಖ ಊದಿಸಿಕೊಂಡು, ಪಾಲಿಶ್ ಡಬ್ಬ ಬೇಕಾದರೂ ನನ್ನ ಹತ್ತಿರ ಕೇಳದೆ ಕೈ ಸನ್ನೆ ಮಾಡುತ್ತಿದ್ದ. ತಪ್ಪು ಅಂಗಡಿಯವರದ್ದು, ಮುನಿಸು ನನ್ನ ಮೇಲೆ. ನಾನು ಎಂದಿನ ಹಾಗೆ ಕೆಳಗಿನ ಕೋಣೆಯಲ್ಲಿ ಕೂತು ಕುರ್ಚಿಗಳಿಗೆ ಪಾಲಿಶ್ ಹೊಡೆಯುತ್ತೇನೆ. ಕೆಲಸಕ್ಕೇನೂ ಕಮ್ಮಿ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎದ್ದು ಹೋಗಬೇಡ, ಕೂತು ಓದು.

ನೀನಿದ್ದ ಠಾಣೆಯಲ್ಲಿ ಆ ಗಾಜಿನವನು ಸತ್ತದ್ದರ ವಿಚಾರಣೆಗೆ ನಾನು ಹೋಗುತ್ತಿದ್ದೇನೆ. ನಿನಗೆ ಹೇಳಿರಲಿಲ್ಲ. ಹಳೇ ಕೋರ್ಟಿನ ಮಹಡಿ ಮೇಲಿನ ಹಾಲಿನಲ್ಲಿ ನಡೆಯುತ್ತೆ, ಯಾರು ಬೇಕಾದರೂ ಹೋಗಿ ಕೂರಬಹುದು. ಮೊದಲ ದಿನ ಹೋದದ್ದು ಯಾಕೆ ಗೊತ್ತಾ, ನಿನ್ನ ಮೇಲೆ ಏನೂ ಇಲ್ಲ ಅಂತ ನನ್ನ ಕಿವಿಯಾರೆ ಕೇಳಿಕೊಂಡು ಬಂದು ಬೀದಿಗೆಲ್ಲ ಹೇಳೋಣ ಅಂತ. ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿದ್ದೆ. ಯಾರದೋ ಮನೆಗೆ ಕಿಟಕಿ ಗಾಜು ಹಾಕಿದವನನ್ನು, ಆ ಮನೆಯಲ್ಲಿ ಕಳ್ಳತನ ಆಯಿತು ಅಂತ ಬೆಳಿಗ್ಗೆ ಕರೆದುಕೊಂಡು ಹೋದಿರಿ. ಸಂಜೆ ಹೆಣವಾಗಿ ಹೊರಗೆ ಬಂದ. ಮೆಟ್ಟಿಲಲ್ಲಿ ಜಾರಿ ಬಿದ್ದ ಅಂದರು ನಿಮ್ಮವರು. ಕ್ಯಾಮೆರಾ ಕೆಟ್ಟಿತ್ತಂತೆ. ವರ್ಷವಿಡೀ ಸರಿಯಾಗಿದ್ದ ಕ್ಯಾಮೆರಾ ಅವತ್ತೇ ನೋಡು ಕೆಟ್ಟದ್ದು, ಪಾಪ. ಆಮೇಲೆ ನಿಮ್ಮನ್ನೆಲ್ಲ ಒಬ್ಬೊಬ್ಬರನ್ನ ಒಂದೊಂದು ಕಡೆ ವರ್ಗ ಮಾಡಿದರು. ನಾನು ಕೇಳಿದ್ದಕ್ಕೆ "ನಾನು ಆ ಹೊತ್ತಿಗೆ ಹೊರಗೆ ಡ್ಯೂಟಿ ಮೇಲೆ ಹೋಗಿದ್ದೆ ಅಮ್ಮ" ಅಂದೆ. ಅಷ್ಟೇ ಸಾಕಾಯಿತು ನನಗೆ. ಎದುರು ಮನೆಯವಳು ನಿನ್ನ ಬಗ್ಗೆ ಏನೋ ಗೊಣಗಿದಳು ಅಂತ ಅವಳ ಜೊತೆ ಮಾತು ಬಿಟ್ಟೆ.

ಆ ಗಾಜಿನವನ ಹೆಂಡತಿ ದಿನಾ ಬರುತ್ತಾಳೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸವಂತೆ, ಬೆರಳೆಲ್ಲ ನೀರು ತಿಂದು ಬೆಳ್ಳಗಾಗಿವೆ. ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ, ಅಳುವುದಿಲ್ಲ, ಯಾರ ಜೊತೆಯೂ ಮಾತಿಲ್ಲ. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಒಂದು ದಿನ ನನಗೆ ಮಂಡಿ ಹಿಡಿದುಕೊಂಡಾಗ ಮೆಟ್ಟಿಲಿಳಿಯೋಕೆ ಕೈ ಕೊಟ್ಟಳು. ಆ ಕೈ ಹಿಡಿದುಕೊಂಡೇ ಇಳಿದೆ ಕಣೋ.

ಹೋದ ಶುಕ್ರವಾರ ಒಬ್ಬ ಬಸ್ ಕಂಡಕ್ಟರ್ ಸಾಕ್ಷಿ ಹೇಳಿದ. ಅವತ್ತು ಕುಡಿದು ಜಗಳ ಮಾಡಿದ್ದಕ್ಕೆ ನಿಮ್ಮ ಠಾಣೆಯಲ್ಲೇ, ಪಕ್ಕದ ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ನಡುವೆ ಗೋಡೆ, ಮುಖ ಯಾರದ್ದೂ ಕಾಣಲಿಲ್ಲ, ಬರೀ ಕೇಳಿಸಿತು ಅಂದ. ಹೊಡೆಯುವವನದ್ದು ಒಂದೇ ದನಿ, ಉಳಿದವರು ಗಟ್ಟಿಯಾಗಿ ಹಿಡ್ಕೊ ಅಂತ ಒಬ್ಬರಿಗೊಬ್ಬರು ಹೇಳುತ್ತಿದ್ದರು, ಹೊಡೆಯುವವನು ಏಟಿಗೊಂದು ಮಾತು ಹೇಳುತ್ತಿದ್ದ ಅಂದ. ಏನು ಹೇಳುತ್ತಿದ್ದ ಅಂತ ನ್ಯಾಯಾಧೀಶರು ಕೇಳಿದರು. ಕಂಡಕ್ಟರ್ ತಲೆ ಕೆರೆದುಕೊಂಡು, ನಾಚಿಕೊಂಡೇ ಹೇಳಿದ. "ಮೊಳೆಗೊಂದು, ಮರಕ್ಕೊಂದು, ಮುನಿಸಿಕೊಂಡ ಮಾವನಿಗೊಂದು." ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದನಂತೆ.

ಹಾಲೆಲ್ಲ ನಕ್ಕಿತು. ನಿಮ್ಮ ಪರ ವಕೀಲರು, ಇದೇನು ಶಿಶುವಿಹಾರವೋ ಪೊಲೀಸ್ ಠಾಣೆಯೋ, ಕುಡಿದ ಅಮಲಿನಲ್ಲಿ ಇವನಿಗೆ ಪದ್ಯ ಕೇಳಿಸಿದೆ ಅಂದರು. ಕಂಡಕ್ಟರ್ ಕೂಡ ಅರ್ಧ ನಕ್ಕ, ನನಗೂ ಅರ್ಥ ಗೊತ್ತಿಲ್ಲ ಸ್ವಾಮಿ, ಕೇಳಿದ್ದನ್ನ ಹೇಳಿದೆ ಅಂದ. ನಗದೆ ಕೂತವರು ಇಬ್ಬರೇ, ಅವಳು ಮತ್ತು ನಾನು. ನಾನು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ ಮರಿ. ಈ ಲೋಕದಲ್ಲಿ ಅದು ಹುಟ್ಟಿದ್ದು ಒಂದೇ ಕಡೆ, ಈ ಕೆಳಗಿನ ಕೋಣೆಯಲ್ಲಿ. ನಿನಗೆ ಊಟ ಮಾಡಿಸುವುದು ಅಂದರೆ ಸಾಕುಸಾಕಾಗುತ್ತಿತ್ತು. ಬಾಯಿ ಬಿಗಿಹಿಡಿದು ಹಲಗೆ ರಾಶಿ ಮೇಲೆ ಕೂತುಬಿಡುತ್ತಿದ್ದೆ. ನಿಮ್ಮಪ್ಪ ಮೊಳೆ ಹೊಡೆಯುವಾಗ ಮಾತ್ರ ಆ ಸದ್ದಿಗೆ ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅದೇ ಸಮಯ ಅಂತ ನಾನು ಸುತ್ತಿಗೆ ಬಿದ್ದ ಸದ್ದಿಗೆ ಸರಿಯಾಗಿ ಒಂದೊಂದು ತುತ್ತು ಇಡುತ್ತಿದ್ದೆ. ಮೊಳೆಗೊಂದು ತುತ್ತು, ಮರಕ್ಕೊಂದು ತುತ್ತು. ಮೂಲೆಯಲ್ಲಿ ನನ್ನ ತಮ್ಮ ಯಾವುದಕ್ಕೋ ಮುಖ ಊದಿಸಿಕೊಂಡು ಕೂತಿರುತ್ತಿದ್ದ, ಅವನ ಹೆಸರಿಗೊಂದು. ಅದಕ್ಕೆ ನೀನು ನಗುತ್ತಿದ್ದೆ, ನಕ್ಕಾಗ ಇನ್ನೊಂದು ತುತ್ತು ಒಳಗೆ ಹೋಗುತ್ತಿತ್ತು. ದೊಡ್ಡವನಾದ ಮೇಲೂ ಬಿಡಲಿಲ್ಲ ನೀನು. ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುವಾಗ, ಮಾವನ ಜೊತೆ ಮೊಳೆ ಹೊಡೆಯುವಾಗ, ಏನೇ ಒಂದೇ ಸಮನೆ ಮಾಡಬೇಕಾದರೂ ಬಾಯಲ್ಲಿ ಅದೇ. ನಿನಗೆ ಗೊತ್ತಾಗದ ಹಾಗೆ ಬರುತ್ತಿತ್ತು. ಅವತ್ತೂ ಗೊತ್ತಾಗದ ಹಾಗೇ ಬಂದಿರಬೇಕು.

ನಾನು ಕೇಳಿದ ಮಾತು ತಪ್ಪಿರಲಿ ಅಂತ ಎಷ್ಟು ಬೇಡಿಕೊಂಡೆ. ಯಾರೋ ನಿನ್ನಿಂದ ಕಲಿತು ಹೇಳಿದರೇನೋ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡೆ. ಆಮೇಲೆ ನಿನಗೆ ಫೋನ್ ಮಾಡಿದೆ, ನೆನಪಿದೆಯಾ, ಶುಕ್ರವಾರ ಸಂಜೆ. ಬೇರೇನೂ ಹೇಳದೆ ಆ ಸಾಲನ್ನಷ್ಟೇ ಹೇಳಿದೆ. ನೀನು ಏನಮ್ಮ ಅದು ಅಂತ ಕೇಳಬೇಕಿತ್ತು, ನಗಬೇಕಿತ್ತು. ನೀನು ಡ್ಯೂಟಿಗೆ ಹೊತ್ತಾಯಿತು ಅಂದು ಇಟ್ಟುಬಿಟ್ಟೆ. ನಾನು ಫೋನ್ ಹಿಡಿದುಕೊಂಡೇ ಅತ್ತೆ.

ನಿನ್ನ ಮಾವನಿಗೆ ಹೇಳಿದೆ. ಬಾಯಿಮುಚ್ಚಿಕೊಂಡಿರು ಅಕ್ಕ ಅನ್ನುತ್ತಾನೆ ಅಂದುಕೊಂಡಿದ್ದೆ, ನಿಜ ಹೇಳಬೇಕೆಂದರೆ ಯಾರಾದರೂ ಹಾಗೆ ಹೇಳಲಿ ಅಂತಲೇ ಕಾಯುತ್ತಿದ್ದೆ. ಅವನು ಮರ ಹೆರೆಯುತ್ತಿದ್ದ ರಂದ ಕೆಳಗಿಟ್ಟು, "ನನ್ನ ಹೆಸರು ಹೇಳಿ ಹೊಡೆದನಾ ಅಕ್ಕ" ಅಂತ ಕೇಳಿದ. ಹೂಂ ಅಂದೆ. ಮುಖ ಗೋಡೆ ಕಡೆ ತಿರುಗಿಸಿ ಕೂತ. ನಾನು ಅವನ ಮುನಿಸು ಹುಟ್ಟಿದಾಗಿನಿಂದ ನೋಡಿದ್ದೇನೆ, ಇದು ಮುನಿಸಲ್ಲ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು ಅವನು. ಅವನೂ ನಾನೂ ಇಬ್ಬರೂ ಅವತ್ತು ಊಟ ಮಾಡಲಿಲ್ಲ.

ನಿಮ್ಮ ದೊಡ್ಡ ಸಾಹೇಬರು ಭಾನುವಾರ ಮನೆಗೆ ಬಂದಿದ್ದರು. ಕುರ್ಚಿ ಚೆನ್ನಾಗಿದೆ ಅಂದರು, ಪಾಲಿಶ್ ಚೆನ್ನಾಗಿದೆ ಅಂದರು, ನಿಮ್ಮ ಮಗ ಅಪ್ಪಟ ಚಿನ್ನ, ಅವನಿಗೇನೂ ಆಗದ ಹಾಗೆ ನೋಡಿಕೊಳ್ಳುತ್ತೇವೆ, ನೀವು ಮಾತ್ರ ಕೋರ್ಟಿನ ಕಡೆ ಬಂದು ಯಾಕೆ ಆಯಾಸ ಮಾಡಿಕೊಳ್ಳುತ್ತೀರಿ ಅಂದರು. ನಯವಾದ ಮಾತು. ಅವರು ಹೋದ ಮೇಲೆ ನನಗೆ ಅನ್ನಿಸಿದ್ದು, ನಿನ್ನನ್ನು ಕಾಪಾಡುವ ನೆಪದಲ್ಲಿ ಇವರು ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದಾರೆ. ಅವನ ಕೈಕಾಲು ಒತ್ತಿ ಹಿಡಿದವರು ಯಾರು, ಬಾಗಿಲು ಹಾಕಿಸಿದವರು ಯಾರು, ಜಾರಿ ಬಿದ್ದ ಅಂತ ಬರೆಸಿದವರು ಯಾರು, ಅದೂ ಹೊರಗೆ ಬರಬೇಕಲ್ಲ. ಹೊಡಿ ಅಂದವರು ಇದ್ದಾರೆ ಅಂತ ನನಗೆ ಗೊತ್ತು. ಆದರೆ ಹೊಡೆದ ಕೈ ನಿನ್ನದು. ಅದನ್ನು ಬರೆಯುವಾಗ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ನೀನೇ ಬಾ. ನೀನೇ ಬಂದು ನ್ಯಾಯಾಧೀಶರ ಮುಂದೆ ನಿಂತು, ನಡೆದದ್ದು ನಡೆದ ಹಾಗೆ, ಯಾರನ್ನೂ ಬಿಡದೆ, ನಿನ್ನನ್ನೂ ಬಿಡದೆ ಹೇಳು. ನೌಕರಿ ಹೋಗುತ್ತೆ, ಜೈಲಾಗುತ್ತೆ, ನನಗೆ ಗೊತ್ತಿಲ್ಲದ್ದೇನಲ್ಲ. ಆ ಹೆಣ್ಣುಮಗಳಿಗೆ ಗಂಡ ಜಾರಿ ಬೀಳಲಿಲ್ಲ ಅಂತ ಒಬ್ಬರಾದರೂ ಹೇಳಬೇಕು, ಅದು ನೀನಾದರೆ ನನಗೆ ಮಗ ಉಳಿಯುತ್ತಾನೆ. ನೀನು ಬರುವ ತನಕ ನಾನು ಬಾಯಿ ತೆರೆಯುವುದಿಲ್ಲ. ಆದರೆ ಬೇಗ ಬಾ, ನನಗೆ ಈ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಬದುಕೋಕೆ ಆಗುತ್ತಿಲ್ಲ.

ನಿನಗೆ ಒಳ್ಳೆಯದಾಗಲಿ ಅಂತ ಎಂದಿನ ಹಾಗೆ ಬರೆಯುತ್ತೇನೆ. ಒಳ್ಳೆಯದು ಅಂದರೆ ಏನು ಅನ್ನೋದು ಮಾತ್ರ ಈ ಸಲ ಬೇರೆ. ಹೀಗೆ ಬರೆಯಲಾ ಅಂತ ಮಾವನನ್ನು ಕೇಳಿದ್ದಕ್ಕೆ ಹೂಂ ಅಂತ ತಲೆಯಾಡಿಸಿದ. ಅದನ್ನೇ ಅವನ ಆಶೀರ್ವಾದ ಅಂದುಕೋ.

ನಿನ್ನ
ಅಮ್ಮ

ತಾ.ಕ.: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ, ಇವತ್ತು ಗುರುವಾರ, ಆತುರದಲ್ಲಿ ಬರೆಯುತ್ತಿದ್ದೇನೆ. ಮಾತಿಗೆ ತಪ್ಪಿದೆ ಮರಿ. ಬೆಳಿಗ್ಗೆ ನಿಮ್ಮ ವಕೀಲರು ಆ ಕಂಡಕ್ಟರ್ ಸುಳ್ಳು ಸಾಕ್ಷಿ ಹೇಳಿದ್ದಾನೆ, ಅವನ ಮೇಲೇ ಕೇಸು ಹಾಕಿ ಅಂದರು. ಅವನು ಬೆವರುತ್ತಾ ನಿಂತಿದ್ದ. ನಾನು ಎದ್ದುಬಿಟ್ಟೆ. ಆ ಮಾತು ನನ್ನದು, ಅದು ಗೊತ್ತಿರುವ ಪೊಲೀಸು ನನ್ನ ಮಗ ಒಬ್ಬನೇ ಅಂದೆ. ನ್ಯಾಯಾಧೀಶರು ನೀವು ತಾಯಿ, ಯೋಚನೆ ಮಾಡಿ ಹೇಳಿ ಅಂದರು. ಯೋಚನೆ ಮಾಡಿಯೇ ಹೇಳಿದೆ, ಸಹಿ ಹಾಕಿದೆ. ಈ ಕಾಗದ ಕೈಸೇರುವ ಹೊತ್ತಿಗೆ ನಿನ್ನನ್ನು ಕರೆದುಕೊಂಡು ಹೋಗೋಕೆ ಬರುತ್ತಾರೆ, ಓಡಬೇಡ, ಎದುರು ಮಾತಾಡಬೇಡ, ಸ್ವೆಟರ್ ಹಾಕಿಕೊಂಡು ಹೋಗು. ನಾನು ಕೋರ್ಟಿನಿಂದ ಹೊರಡುವ ಮುಂಚೆ ನ್ಯಾಯಾಧೀಶರ ಹತ್ತಿರ ಒಂದೇ ಒಂದು ಕೇಳಿಕೊಂಡೆ, ಠಾಣೆಯೊಳಗೆ ನನ್ನ ಮಗನ ಮೇಲೆ ಯಾರೂ ಕೈ ಮಾಡಬಾರದು ಅಂತ. ಕೇಳುವಾಗ ಆ ಗಾಜಿನವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಳು.