ಫಕ್ಕೀರೇಶ ಮೇಸ್ತ್ರಿಗೆ, ಬೆಲ್ಟಿನ ಒಂದು ಹಲ್ಲಿನ ಬಗ್ಗೆ

ಗದಗ, ೨೧೮೭ನೇ ಇಸವಿ, ಹದಿಮೂರನೇ ತಿಂಗಳ ಒಂಬತ್ತು

ಮೇಸ್ತ್ರಿ ಫಕ್ಕೀರೇಶ ಅವರಿಗೆ,

ಹದಿಮೂರನೇ ತಿಂಗಳೆಂದು ಓದಿ ನಗಬೇಡಿ. ಬೇಸಿಗೆ ಬೆಳೆದು ಹನ್ನೆರಡರಲ್ಲಿ ಹಿಡಿಸದಾದಾಗ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಂಚೆಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನನ್ನ ಸಿಟ್ಟು ಎಷ್ಟೆಂದು ಇದರಿಂದಲೇ ತಿಳಿಯಿರಿ.

ನಲವತ್ತೊಂದನೇ ವಯಸ್ಸಿನಲ್ಲಿ ನಿಮ್ಮ ಗ್ಯಾರೇಜಿಗೆ ಕೆಲಸ ಕಲಿಯಲು ಬಂದ ಚಂಪಾವತಿ ನನ್ನ ಮುತ್ತಜ್ಜಿಯ ಅಜ್ಜಿ. ಹದಿನಾಲ್ಕು ವರ್ಷ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಟ್ಟು, ಸಾಕಾಗಿ ಬಂದವಳು. ಸೀಮೆಎಣ್ಣೆಯಲ್ಲಿ ಎಂಜಿನ್ನಿನ ಭಾಗಗಳನ್ನು ತೊಳೆದಳು, ಪಾನಾ ಹಿಡಿದು ನಟ್ಟು ತಿರುಗಿಸಿ ಟೈರು ಬಿಚ್ಚಿದಳು, ಕೈಯ ಚರ್ಮ ಸುಲಿದರೆ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದಳು. ಆದರೆ ಟೈಮಿಂಗ್ ಬೆಲ್ಟ್, ಎಂಜಿನ್ನಿನ ತಾಳ ಹಿಡಿಯುವ ಆ ಹಲ್ಲಿನ ಪಟ್ಟಿ, ಕೂರಿಸುವ ಹೊತ್ತು ಬಂತೆಂದರೆ ಸಾಕು, ನೀವು, "ಅಕ್ಕಾರ, ಒಂದ್ ರೌಂಡ್ ಚಾ ಹೇಳಿ ಬರ್ರಿ" ಎನ್ನುತ್ತಿದ್ದಿರಿ. ಅವಳು ಬರುವಷ್ಟರಲ್ಲಿ ಬಾನೆಟ್ ಮುಚ್ಚಿರುತ್ತಿತ್ತು. ವಿದ್ಯೆಯನ್ನು ಹೀಗೆ ಬಚ್ಚಿಡುವುದು ನಿಮ್ಮ ಗುರುವಿನಿಂದ ಬಂದ ಪದ್ಧತಿಯಂತೆ. ಎರಡು ವರ್ಷ ಹೀಗೇ ನಡೆಯಿತು. ನೀವು ಊರಲ್ಲಿಲ್ಲದ ಒಂದು ದಿನ ಗಿರಾಕಿ ಅವಸರಪಡಿಸಿದ್ದಕ್ಕೆ ಅವಳೇ ಬೆಲ್ಟ್ ಕೂರಿಸಿದಳು. ಒಂದು ಹಲ್ಲು ತಪ್ಪಿತು. ಚಾವಿ ತಿರುಗಿಸುತ್ತಲೇ ವಾಲ್ವ್‌ಗಳು ಬಾಗಿ ಎಂಜಿನ್ ಹಾಳಾಯಿತು. ಮರುದಿನ ನೀವು ಬೀದಿಯೆಲ್ಲ ಕೇಳುವಂತೆ, "ಸೀರಿ ಮಡಚೋ ಕೈಗೆ ಪಾನಾ ಯಾಕ ಬೇಕಿತ್ತು? ನಡೀ ಹೊರಗ!" ಎಂದಿರಿ. ನೀವು ತೋರಿಸಿಕೊಡಲೇ ಇಲ್ಲವೆಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವಳು ಮತ್ತೆ ಪಾನಾ ಮುಟ್ಟಲಿಲ್ಲ. ಅವಳ ಮಗಳು ಮುಟ್ಟಿದಳು, ಹಟಕ್ಕೆ. ಅಲ್ಲಿಂದ ನನ್ನವರೆಗೆ ನಮ್ಮ ಮನೆಯ ಹೆಂಗಸರೆಲ್ಲ ಮೇಸ್ತ್ರಿಗಳೇ.

ಈಗಿನ ಗಾಡಿಗಳು ಬಿಸಿಲು ಕುಡಿದು ಓಡುತ್ತವೆ, ಕೆಟ್ಟರೆ ತಾವೇ ಹೇಳಿಕೊಳ್ಳುತ್ತವೆ. ನಿಮ್ಮ ಕಾಲದ ಕಾರುಗಳಿಗೆ ಎಣ್ಣೆಗಾಡಿ ಎನ್ನುತ್ತೇವೆ. ಮದುವೆ ದಿಬ್ಬಣಕ್ಕೆ ಜನ ಅವನ್ನು ಒಯ್ಯುತ್ತಾರೆ. ಹೊಗೆ ಕಂಡರೆ ಮಕ್ಕಳಿಗೆ ಹಬ್ಬ. ಅವುಗಳನ್ನು ರಿಪೇರಿ ಮಾಡುವ ಗ್ಯಾರೇಜು ಈ ಸೀಮೆಗೆ ಒಂದೇ, ಅದು ನನ್ನದು. ಗೋಡೆಗಳು ನಿಮ್ಮ ಹಳೇ ಗ್ಯಾರೇಜಿನವೇ. ಇಲ್ಲಿ ಬೆಲ್ಟ್ ಕೂರಿಸುವಾಗ ಕಲಿಯುವವರನ್ನೆಲ್ಲ ಕರೆದು ಮುಂದೆ ಸಾಲಾಗಿ ನಿಲ್ಲಿಸುತ್ತೇವೆ. ಅದಕ್ಕೆ ಚಂಪಾಸಾಲು ಎಂದು ಹೆಸರು.

ಹೋದ ವರ್ಷ ಸುಗುಣಿ ಎಂಬವಳು ಬಂದಳು. ಬೀದಿಗಳಿಗೆ ನೆರಳುಚಪ್ಪರ ಹೆಣೆಯುವ ಕೆಲಸ ಬಿಟ್ಟು ನಲವತ್ತಕ್ಕೆ ಕಲಿಯಲು ಬಂದವಳು. ಚುರುಕು ಕೈ. ನಿಮ್ಮ ವಂಶದವಳೆಂದು ಆಮೇಲೆ ತಿಳಿಯಿತು. ಅಂದಿನಿಂದ ಬೆಲ್ಟ್ ಕೂರಿಸುವಾಗ ಅವಳೊಬ್ಬಳನ್ನು ಚಹಾ ತರಲು ಕಳಿಸುತ್ತಿದ್ದೇನೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋಗುತ್ತಾಳೆ. ಪಾಪ ಎನಿಸುತ್ತದೆ, ಆದರೂ ಹಿತವಾಗಿದೆ. ಸುಳ್ಳೇಕೆ ಹೇಳಲಿ.

ನನ್ನ ಬೇಡಿಕೆ ಇಷ್ಟೇ. "ತಪ್ಪು ಚಂಪಾವತಿಯದಲ್ಲ, ನಾನೇ ಕಲಿಸಲಿಲ್ಲ" ಎಂದು ನಿಮ್ಮ ಕೈಯಾರೆ ತಗಡಿನ ಮೇಲೆ ಕೊರೆದು, ಬಾಗಿಲ ಎಡಗಡೆಯ ಗೋಡೆಯೊಳಗಿಟ್ಟು ಸಿಮೆಂಟ್ ಮೆತ್ತಿರಿ. ಈ ಪತ್ರ ಬರೆಯುವ ಮೊದಲು ಆ ಗೋಡೆ ಒಡೆಸಿ ನೋಡಿದೆ, ಏನೂ ಇರಲಿಲ್ಲ. ಪತ್ರ ಓದಿ ನೀವು ನಿಮ್ಮ ಕಾಲದಲ್ಲಿ ತಗಡು ಇಟ್ಟರೆ ಅದು ನನ್ನ ಕಾಲದ ಗೋಡೆಯಲ್ಲೂ ಇರಬೇಕು. ನಾಳೆ ಮತ್ತೆ ನೋಡುತ್ತೇನೆ. ಆಗಲೂ ಬರಿದಾಗಿದ್ದರೆ ಸುಗುಣಿಯನ್ನು ಕೆಲಸದಿಂದ ತೆಗೆಯುತ್ತೇನೆ. ತಾನು ಮಾಡಿದ ತಪ್ಪೇನೆಂದು ಅವಳು ಅಳುತ್ತ ಕೇಳಿದರೆ, ನಿಮ್ಮ ಹೆಸರು ಹೇಳುತ್ತೇನೆ.

ಕಸ್ತೂರೆವ್ವ ಮೇಸ್ತ್ರಿ